ಹಡಗಿನ ಹೊಗೆಯೂ ವರದಿಯ ವ್ಯಾಕರಣವೂ

ಹಡಗು ಕಂಪನಿಗಳು ವರ್ಷಕ್ಕೊಮ್ಮೆ ಹೊರಡಿಸುವ ವರದಿಗಳನ್ನು ಕುರಿತು ಮಾತನಾಡುವುದು ಕನ್ನಡ ಪಂಡಿತನ ಕೆಲಸವೆ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಆ ವರದಿಗಳಲ್ಲಿ ಮಾತೇ ಹೆಚ್ಚು. ಅಂಕಿಗಳು ನಡುವೆ ಅಲ್ಲಲ್ಲಿ ಬರುತ್ತವೆ. ಮಾತಿನಲ್ಲಿ ವಿಶೇಷಣವೆಷ್ಟು, ಕ್ರಿಯಾಪದವೆಷ್ಟು, ಆ ಕ್ರಿಯೆ ಆಗಿಹೋದದ್ದೆ, ಮುಂದೆ ಆಗತಕ್ಕದ್ದೆ, ಅಥವಾ ಆದರೂ ಆದೀತು ಎಂಬಂಥದೆ ಎಂದು ವಿಂಗಡಿಸುವುದು ನಮ್ಮ ಕಸುಬು. ಈ ವರದಿಗಳಿಗೆ ‘ಸುಸ್ಥಿರತಾ ವರದಿ’ ಎಂದು ಹೆಸರು. ಚಲಿಸುವುದೇ ಧರ್ಮವಾದ ಹಡಗಿಗೆ ‘ಸುಸ್ಥಿರ’ ಎಂಬ ವಿಶೇಷಣ! ಇರಲಿ, ಬಳಕೆಗೆ ಬಂದ ಶಬ್ದದೊಡನೆ ಜಗಳವಾಡಿ ಫಲವಿಲ್ಲ. ಅದರ ಒಳಗೇನಿದೆ ಎಂಬುದನ್ನು ನೋಡೋಣ.

ನಮ್ಮ ಮನೆಗೂ ಹಡಗಿಗೂ ಏನು ನಂಟು? ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೀಜ ಹೊಸ ಮಂಗಳೂರು ಬಂದರಿನಿಂದಲೂ ಕೊಚ್ಚಿಯಿಂದಲೂ ಇಟಲಿ, ಜರ್ಮನಿಗಳಿಗೆ ಹೋಗುವುದು ಹಡಗಿನಲ್ಲಿ. ನಾವು ಒಲೆಯಲ್ಲಿ ಉರಿಸುವ ಅಡಿಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಅದು ಮಂಗಳೂರಿನಂಥ ಬಂದರುಗಳಲ್ಲಿ ಇಳಿಯುವುದೂ ಹಡಗಿನಿಂದಲೇ. ಲೋಕದ ದೇಶದೇಶಗಳ ನಡುವಣ ವ್ಯಾಪಾರದ ಸರಕಿನಲ್ಲಿ, ಪರಿಮಾಣದ ಲೆಕ್ಕದಲ್ಲಿ, ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಸಾಗುವುದು ಸಮುದ್ರದ ಮೇಲೆ. ಹಡಗಿನ ಪರವಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಒಂದು ಟನ್ ಸರಕನ್ನು ಒಂದು ಮೈಲಿ ಸಾಗಿಸಲು ಲಾರಿಗೆ ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ ಎಣ್ಣೆ ಹಡಗಿಗೆ ಸಾಕು. ವಿಮಾನದ ಮಾತಂತೂ ಬೇಡವೇ ಬೇಡ. ತೊಡಕು ಬಂದಿರುವುದು ಹಡಗುಗಳ ಸಂಖ್ಯೆಯಿಂದ, ಅವು ನಡೆಯುವ ದೂರದಿಂದ.

ಆ ತೊಡಕಿನ ಅಳತೆ ಹೀಗಿದೆ. ವಿಶ್ವಸಂಸ್ಥೆಯ ಅಂಗವಾಗಿ ಲಂಡನ್ ನಗರದಲ್ಲಿ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ ಎಂಬುದೊಂದಿದೆ, ಐ.ಎಂ.ಓ. ಎಂದು ಕರೆಯುವುದು ರೂಢಿ. ಅದು 2020ರಲ್ಲಿ ಪ್ರಕಟಿಸಿದ ನಾಲ್ಕನೆಯ ಅಧ್ಯಯನದ ಪ್ರಕಾರ, ಲೋಕದ ಹಡಗುಗಳೆಲ್ಲ ಸೇರಿ 2012ರಲ್ಲಿ 97 ಕೋಟಿ 70 ಲಕ್ಷ ಟನ್ ತೂಕದ ಉಷ್ಣವರ್ಧಕ ಅನಿಲಗಳನ್ನು ಉಗುಳಿದುವು. 2018ರಲ್ಲಿ 107 ಕೋಟಿ 60 ಲಕ್ಷ ಟನ್. ಮನುಷ್ಯರ ಚಟುವಟಿಕೆಯಿಂದ ಏಳುವ ಒಟ್ಟು ಮೊತ್ತದಲ್ಲಿ ಇದು ನೂರಕ್ಕೆ ಸುಮಾರು ಮೂರು ಪಾಲು. ಮೂರೇ ತಾನೆ ಎನ್ನಬೇಡಿ. ಹಡಗುಗಳನ್ನೆಲ್ಲ ಸೇರಿಸಿ ಒಂದು ದೇಶವೆಂದು ಭಾವಿಸಿದರೆ, ಅತಿ ಹೆಚ್ಚು ಹೊಗೆ ಬಿಡುವ ಮೊದಲ ಹತ್ತು ದೇಶಗಳ ಸಾಲಿನಲ್ಲಿ ಅದು ಕುಳಿತುಕೊಳ್ಳುತ್ತದೆ.

ಆದರೆ ಹಡಗು ಯಾವ ದೇಶದ್ದು? ಯಜಮಾನ ಗ್ರೀಸಿನವನು, ಬಾವುಟ ಪನಾಮದ್ದು, ಸರಕು ಚೀನದ್ದು, ಕೆಲಸಗಾರರು ಭಾರತದವರು, ಫಿಲಿಪೀನ್ಸಿನವರು, ಹೊಗೆ ಏಳುವುದು ಯಾರದೂ ಅಲ್ಲದ ನಡುಗಡಲಿನಲ್ಲಿ. 1997ರ ಕ್ಯೋಟೊ ಒಪ್ಪಂದದಲ್ಲಿ ಈ ಹೊಗೆಯನ್ನು ಯಾವ ದೇಶದ ಲೆಕ್ಕಕ್ಕೂ ಬರೆಯದೆ, ಇದರ ವಿಚಾರವನ್ನು ಐ.ಎಂ.ಓ.ಗೆ ಒಪ್ಪಿಸಿಬಿಟ್ಟರು. ಆದುದರಿಂದಲೇ ಕಂಪನಿಗಳ ವರದಿಗೆ ಇಷ್ಟು ಬೆಲೆ ಬಂದಿರುವುದು. ಯಾವ ಸರ್ಕಾರದ ಖಾತೆಯಲ್ಲೂ ಇಲ್ಲದ ಸಾಲವನ್ನು ಸಾಲಗಾರನ ಸ್ವಂತ ಡೈರಿಯಿಂದಲೇ ತಿಳಿಯಬೇಕು.

ಹಡಗಿನ ಎಂಜಿನ್ನಿನಲ್ಲಿ ಉರಿಯುವುದು ಬಹುಮಟ್ಟಿಗೆ ಕಚ್ಚಾ ತೈಲವನ್ನು ಶುದ್ಧಿ ಮಾಡಿದ ಮೇಲೆ ತಳದಲ್ಲಿ ಉಳಿಯುವ ಗಟ್ಟಿ ಎಣ್ಣೆ. ಕಾಯಿಸದಿದ್ದರೆ ಅದು ಸರಿಯಾಗಿ ಹರಿಯುವುದೂ ಇಲ್ಲ. ಒಂದು ಟನ್ ಎಣ್ಣೆ ಉರಿದರೆ 3.114 ಟನ್ ಇಂಗಾಲದ ಡೈ ಆಕ್ಸೈಡ್, ಹಿಂದಿನವರು ಇಂಗಾಲಾಮ್ಲವೆಂದು ಬರೆಯುತ್ತಿದ್ದ ಅನಿಲ, ಹುಟ್ಟುತ್ತದೆಂದು ಐ.ಎಂ.ಓ. ಲೆಕ್ಕ ಕಟ್ಟುತ್ತದೆ. ಒಂದು ಟನ್ನಿನಿಂದ ಮೂರು ಟನ್ ಹೇಗೆ ಬಂದೀತು ಎಂದು ಚುರುಕಾದ ಹುಡುಗ ಕೇಳಿಯೇ ಕೇಳುತ್ತಾನೆ. ಎಣ್ಣೆಯಲ್ಲಿರುವ ಇಂಗಾಲದ ಒಂದೊಂದು ಕಣವೂ ಗಾಳಿಯಿಂದ ಆಮ್ಲಜನಕದ ಎರಡೆರಡು ಕಣಗಳನ್ನು ಜೊತೆಗೂಡಿಸಿಕೊಳ್ಳುವುದರಿಂದ ತೂಕ ಏರುತ್ತದೆ. ಈ ಎಣ್ಣೆಯಲ್ಲಿ ಗಂಧಕವೂ ಉಂಟು. 2020ರ ಜನವರಿ 1ರಿಂದ ಗಂಧಕದ ಮಿತಿಯನ್ನು ನೂರಕ್ಕೆ 3.5ರಿಂದ 0.5ಕ್ಕೆ ಇಳಿಸಿದರು. ಬಂದರಿನ ಊರುಗಳ ಉಸಿರಿಗೆ ಇದರಿಂದ ಉಪಕಾರವಾಯಿತು. ಆದರೆ ಗಂಧಕ ಇಳಿದ ಮಾತ್ರಕ್ಕೆ ಇಂಗಾಲ ಇಳಿಯುವುದಿಲ್ಲ. ಕೆಲವು ವರದಿಗಳು ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿ ‘ಶುದ್ಧ ಇಂಧನ’ ಎನ್ನುವಾಗ ಓದುವವರು ಇವನ್ನು ಬೇರೆ ಬೇರೆ ಇಟ್ಟು ನೋಡಬೇಕು.

ಹೊಗೆ ಇಳಿಸುವ ಉಪಾಯಗಳಲ್ಲಿ ಎಲ್ಲಕ್ಕಿಂತ ಅಗ್ಗವಾದುದು ನಿಧಾನವಾಗಿ ಹೋಗುವುದು. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದು ಗೊತ್ತು. ವೇಗ ಸ್ವಲ್ಪ ಏರಿಸಿದರೂ ತೊಡೆ ಬಹಳ ನೋಯುತ್ತದೆ. ನೀರಿನಲ್ಲಿ ಹಡಗಿಗೆ ಬೇಕಾದ ಶಕ್ತಿ, ಸ್ಥೂಲವಾಗಿ, ವೇಗದ ಘನದಂತೆ ಏರುತ್ತದೆ. 20 ನಾಟ್ ವೇಗದಲ್ಲಿ ಹೋಗುತ್ತಿದ್ದ ಹಡಗು 18 ನಾಟಿಗೆ ಇಳಿದರೆ ಬೇಕಾಗುವ ಶಕ್ತಿ ನೂರಕ್ಕೆ 27ರಷ್ಟು ಕಡಿಮೆಯಾಗುತ್ತದೆ. ಪಯಣ ಅಷ್ಟು ಹೊತ್ತು ಹೆಚ್ಚು ಹಿಡಿಯುವುದರಿಂದ ಒಂದು ಯಾತ್ರೆಗೆ ಉಳಿಯುವ ಎಣ್ಣೆ ನೂರಕ್ಕೆ 19. ಒಂಬತ್ತು ಹಡಗು ಮಾಡುತ್ತಿದ್ದ ಕೆಲಸಕ್ಕೆ ಹತ್ತು ಹಡಗು ಬೇಕಾಗುತ್ತದೆ. ಆ ಹತ್ತನೆಯದನ್ನು ಸೇರಿಸಿಕೊಂಡ ಮೇಲೂ ಉಳಿತಾಯ ಅದೇ ನೂರಕ್ಕೆ 19. 2008ರ ಆರ್ಥಿಕ ಕುಸಿತದ ತರುವಾಯ ಸರಕು ಕಡಿಮೆಯಾಗಿ ಎಣ್ಣೆಯ ಖರ್ಚು ಹೊರೆಯಾದಾಗ ಕಂಪನಿಗಳು ಈ ದಾರಿಯನ್ನು ಹಿಡಿದುವು. ಲಾಭಕ್ಕಾಗಿ ಮಾಡಿದ್ದು ಪುಣ್ಯವೂ ಆಯಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಾಡಿಗೆ ದರ ಏರಿದ ದಿನ ಈ ಪುಣ್ಯಕ್ಕೆ ಏನು ಗತಿ ಎಂಬುದನ್ನು ವರದಿ ಹೇಳುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ. ಎಷ್ಟೋ ಹಡಗುಗಳು ಪೂರ್ಣವೇಗದಿಂದ ಓಡಿಬಂದು, ಬಂದರಿನ ಹೊರಗೆ ಲಂಗರು ಹಾಕಿ ದಿನಗಟ್ಟಲೆ ಕಾಯುತ್ತವೆ. ಜಾಗವಿಲ್ಲವೆಂದು ಮೊದಲೇ ತಿಳಿದಿರುತ್ತದೆ, ಆದರೂ ಓಡುತ್ತವೆ. ಏಕೆಂದರೆ ಬಾಡಿಗೆಯ ಕರಾರಿನಲ್ಲಿ ‘ಆದಷ್ಟು ಶೀಘ್ರವಾಗಿ’ ಹೋಗತಕ್ಕದ್ದೆಂಬ ಷರತ್ತು ಹಿಂದಿನಿಂದ ನಡೆದುಬಂದಿದೆ. ಮೊದಲು ತಲುಪಿದವನಿಗೆ ಸರತಿಯೂ ಸಿಕ್ಕುತ್ತದೆ, ಕಾದದ್ದಕ್ಕೆ ಡೆಮರೇಜ್ ಹಣವೂ ಸಿಕ್ಕುತ್ತದೆ. ಎಂಜಿನ್ನಿನ ದೋಷವಲ್ಲ ಇದು, ಕಾಗದದ ದೋಷ. ಕಾಗದ ತಿದ್ದಿದರೆ ಒಂದು ಮೊಳೆಯನ್ನೂ ಹೊಸದಾಗಿ ಹೊಡೆಯದೆ ಎಣ್ಣೆ ಉಳಿಸಬಹುದು. ಬಂದರೂ ಹಡಗೂ ಮಾತಾಡಿಕೊಂಡು ಸರಿಯಾದ ಹೊತ್ತಿಗೆ ಬರುವ ಏರ್ಪಾಡುಗಳು ಈಗ ಕೆಲವೆಡೆ ನಡೆಯುತ್ತಿವೆ. ವರದಿಯಲ್ಲಿ ಇದಕ್ಕೆ ಬಣ್ಣದ ಚಿತ್ರ ಬರುವುದು ಅಪರೂಪ. ತಿದ್ದಿದ ಕರಾರಿನ ಫೋಟೋ ತೆಗೆಯಲಾದೀತೆ?

ಚಿತ್ರ ಬರುವುದು ಹಾಯಿಗೆ. ಹಾಯಿ ಮರಳಿ ಬಂದಿದೆ ಎಂಬುದು ಕೇಳಲು ಚೆಂದ, ಮತ್ತು ಸುಳ್ಳೂ ಅಲ್ಲ. ಜರ್ಮನಿಯ ಆಂಟನ್ ಫ್ಲೆಟ್ನರ್ ಎಂಬಾತ 1924ರಲ್ಲಿಯೇ ಬಟ್ಟೆಯ ಹಾಯಿಗೆ ಬದಲಾಗಿ ತಿರುಗುವ ಎರಡು ಎತ್ತರದ ಲೋಹದ ಕೊಳವೆಗಳನ್ನು ಹಡಗಿನ ಮೇಲೆ ನಿಲ್ಲಿಸಿದನು. ಗಾಳಿ ಒಂದು ಪಕ್ಕದಿಂದ ಬಡಿದಾಗ ತಿರುಗುವ ಕೊಳವೆ ಹಡಗನ್ನು ಮುಂದಕ್ಕೆ ಎಳೆಯುತ್ತದೆ. ಆ ಹಡಗು 1926ರಲ್ಲಿ ಅಟ್ಲಾಂಟಿಕ್ ದಾಟಿತು. ಎಣ್ಣೆ ಅಗ್ಗವಾಗಿದ್ದ ಕಾಲ. ವಿದ್ಯೆ ಮೂಲೆ ಸೇರಿತು. ಈಗ ಅದೇ ಕೊಳವೆಗಳನ್ನು ದೊಡ್ಡ ಅದಿರು ಹಡಗುಗಳ ಮೇಲೆ ನಿಲ್ಲಿಸುತ್ತಿದ್ದಾರೆ. 2023ರ ಆಗಸ್ಟಿನಲ್ಲಿ ‘ಪಿಕ್ಸಿಸ್ ಓಷನ್’ ಎಂಬ ಹಡಗು 37.5 ಮೀಟರ್ ಎತ್ತರದ ಎರಡು ಗಡುಸಾದ ರೆಕ್ಕೆಗಳನ್ನು ಹೊತ್ತು ಬ್ರೆಜಿಲ್ ದೇಶಕ್ಕೆ ಹೊರಟಿತು. ಆರು ತಿಂಗಳ ಪರೀಕ್ಷೆಯಲ್ಲಿ ಸರಾಸರಿ ದಿನಕ್ಕೆ 3 ಟನ್ನಿನಷ್ಟು ಎಣ್ಣೆ ಉಳಿಯಿತೆಂದು ಅದನ್ನು ಬಾಡಿಗೆಗೆ ಹಿಡಿದ ಕಾರ್ಗಿಲ್ ಕಂಪನಿ 2024ರಲ್ಲಿ ತಿಳಿಸಿತು. ಇದನ್ನು ನಾನು ಒಳ್ಳೆಯ ವಾಕ್ಯವೆಂದು ಎಣಿಸುತ್ತೇನೆ. ಕರ್ತೃ ಇದೆ, ಕರ್ಮ ಇದೆ, ಕಾಲ ಭೂತಕಾಲ, ಅಂಕಿ ಒಂದೇ.

ಹಡಗಿನ ತಳಕ್ಕೆ ಕಚ್ಚಿಕೊಳ್ಳುವ ಚಿಪ್ಪುಹುಳು, ಪಾಚಿಗಳನ್ನು ಉಜ್ಜಿ ತೆಗೆಯುವುದು, ನುಣುಪಾದ ಬಣ್ಣ ಬಳಿಯುವುದು, ಬಂದರಿನಲ್ಲಿ ನಿಂತಾಗ ಸ್ವಂತ ಎಂಜಿನು ನಿಲ್ಲಿಸಿ ದಡದಿಂದ ವಿದ್ಯುತ್ತು ತೆಗೆದುಕೊಳ್ಳುವುದು ಇವೆಲ್ಲ ಉಂಟು. ಒಂದೊಂದೂ ಸ್ವಲ್ಪ ಸ್ವಲ್ಪ ಉಳಿಸುತ್ತದೆ.

ಆದರೆ ಉಳಿಸುವುದು ಬೇರೆ, ಬಿಡುವುದು ಬೇರೆ. ಎಣ್ಣೆಯನ್ನೇ ಬಿಡಬೇಕಾದರೆ ಏನನ್ನು ಉರಿಸಬೇಕು? ಕೆಲವರು ದ್ರವರೂಪದ ನೈಸರ್ಗಿಕ ಅನಿಲಕ್ಕೆ ಹೋದರು. ಚಿಮಣಿಯ ಬಾಯಲ್ಲಿ ಅಳೆದರೆ ಇಂಗಾಲದ ಡೈ ಆಕ್ಸೈಡ್ ಸಾಕಷ್ಟು ಕಡಿಮೆಯೇ. ಆದರೆ ಆ ಅನಿಲದ ಮುಖ್ಯಾಂಶ ಮೀಥೇನ್. ಉರಿಯದೆ ಜಾರಿಹೋಗುವ ಮೀಥೇನ್, ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿದರೆ, ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು ಎಂಬತ್ತು ಪಟ್ಟು ಶಾಖ ಹಿಡಿದಿಡುತ್ತದೆ. ವರದಿ ಇಂಗಾಲದ ಡೈ ಆಕ್ಸೈಡನ್ನು ಮಾತ್ರ ಹೇಳಿ ಮೀಥೇನ್ ವಿಷಯದಲ್ಲಿ ಮೌನವಾಗಿದ್ದರೆ, ಆ ಮೌನವೂ ವರದಿಯ ಒಂದು ಭಾಗವೇ.

ಇನ್ನು ಕೆಲವರು ಮೆಥನಾಲ್ ಹಿಡಿದರು. ಡೆನ್ಮಾರ್ಕಿನ ಮೇರ್ಸ್ಕ್ ಕಂಪನಿ ತಾನು 2040ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ ಬರುವುದಾಗಿ 2022ರ ಜನವರಿಯಲ್ಲಿ ಸಾರಿತು. ಅದರ ‘ಲಾರಾ ಮೇರ್ಸ್ಕ್’ ಮೆಥನಾಲಿನಿಂದ ಓಡಬಲ್ಲ ಸಣ್ಣ ಕಂಟೇನರ್ ಹಡಗು. ಕೊರಿಯದಿಂದ ಯಾನ ಮಾಡಿ ಬಂದ ಅದಕ್ಕೆ 2023ರ ಸೆಪ್ಟೆಂಬರ್ 14ರಂದು ಕೋಪನ್ ಹೇಗನ್ ನಗರದಲ್ಲಿ ನಾಮಕರಣವಾಯಿತು. ‘ಓಡಬಲ್ಲ’ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಇಂಥ ಹಡಗು ಮೆಥನಾಲಿನಿಂದಲೂ ಓಡಬಲ್ಲುದು, ಎಣ್ಣೆಯಿಂದಲೂ ಓಡಬಲ್ಲುದು. ಮೆಥನಾಲಿನಲ್ಲಿಯೂ ಜಾತಿಭೇದವಿದೆ. ಲೋಕದಲ್ಲಿ ತಯಾರಾಗುವ ಮೆಥನಾಲಿನ ಬಹುಪಾಲು ಕಲ್ಲಿದ್ದಲು ಅಥವಾ ನೈಸರ್ಗಿಕ ಅನಿಲದಿಂದ ಆದದ್ದು. ಅದನ್ನು ಉರಿಸಿದರೆ ಹಡಗಿನ ಹೊಗೆಗೆ ಕಾರ್ಖಾನೆಯ ಹೊಗೆಯೂ ಸೇರಿತು, ಅಷ್ಟೆ. ಬಿಸಿಲು ಗಾಳಿಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಮಾಡುವ ಮೆಥನಾಲ್ ಬೇರೆ. ಅಂಥದೊಂದು ಕಾರ್ಖಾನೆ ಡೆನ್ಮಾರ್ಕಿನ ಕಾಸೋ ಎಂಬಲ್ಲಿ 2025ರ ಮೇ ತಿಂಗಳಲ್ಲಿ ತೆರೆಯಿತು. ಅದರ ಸಾಮರ್ಥ್ಯ ವರ್ಷಕ್ಕೆ 42,000 ಟನ್. ಒಂದು ಟನ್ ಎಣ್ಣೆಯ ಕೆಲಸಕ್ಕೆ ಎರಡು ಟನ್ ಮೆಥನಾಲ್ ಬೇಕೆಂಬುದನ್ನು ನೆನೆದರೆ ಇದು ಸಮುದ್ರಕ್ಕೆ ಹಾಕಿದ ಒಂದು ಸೌಟು. ಆದರೂ ಸೌಟು ಹಾಕಿದ್ದು ನಿಜ.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ. ಹಡಗಿನಲ್ಲಿ ದಿನವೂ ಮಧ್ಯಾಹ್ನಕ್ಕೆ ಕಪ್ತಾನನು ಕಂಪನಿಗೆ ಒಂದು ವರದಿ ಕಳುಹಿಸುತ್ತಾನೆ: ಇರುವ ಸ್ಥಳ, ನಡೆದ ದೂರ, ಗಾಳಿ ಅಲೆಗಳ ಸ್ಥಿತಿ, ಉರಿದ ಎಣ್ಣೆ. ಎಣ್ಣೆ ತುಂಬಿಸಿದಾಗಲೆಲ್ಲ ಮಾರಿದವನು ಕೊಡುವ ಚೀಟಿ ಇರುತ್ತದೆ. ಅದನ್ನು ಮೂರು ವರ್ಷ ಜೋಪಾನ ಮಾಡತಕ್ಕದ್ದೆಂದು ಕಟ್ಟಳೆ. ಈ ಚಿಲ್ಲರೆ ಕಾಗದಗಳೇ ಎಲ್ಲಕ್ಕೂ ಆಧಾರ. 5,000 ಟನ್ ಗಾತ್ರ ಮೀರಿದ ಹಡಗುಗಳು 2019ರಿಂದ ವರ್ಷದ ಮೊತ್ತವನ್ನು ಬಾವುಟದ ದೇಶಕ್ಕೆ ಒಪ್ಪಿಸಬೇಕು. ಅದು ಪರಿಶೀಲನೆಯಾಗಿ ಐ.ಎಂ.ಓ.ಗೆ ಹೋಗುತ್ತದೆ. ಆದರೆ ಅಲ್ಲಿ ಹಡಗಿನ ಹೆಸರು ಹೊರಗೆ ಕಾಣುವುದಿಲ್ಲ. ಯುರೋಪಿನವರು ಹಾಗಲ್ಲ. ತಮ್ಮ ಬಂದರುಗಳಿಗೆ ಬಂದುಹೋಗುವ ಹಡಗುಗಳ 2018ರಿಂದೀಚಿನ ಲೆಕ್ಕವನ್ನು ಒಂದೊಂದರ ಹೆಸರು ಸಹಿತ ಪ್ರಕಟಿಸುತ್ತಾರೆ. ಎರಡು ಪದ್ಧತಿಗಳಲ್ಲಿ ಯಾವುದಕ್ಕೆ ಕಂಪನಿ ಹೆಚ್ಚು ಅಂಜುತ್ತದೆಂದು ಬಿಡಿಸಿ ಹೇಳಬೇಕೆ?

2023ರಿಂದ ಹಡಗುಗಳಿಗೆ ನಮ್ಮ ಶಾಲೆಗಳಂತೆ ದರ್ಜೆ ಕೊಡುವ ಕ್ರಮ ಬಂದಿದೆ: ಎ, ಬಿ, ಸಿ, ಡಿ, ಇ. ಮಟ್ಟ ವರ್ಷವರ್ಷವೂ ಬಿಗಿಯಾಗುತ್ತದೆ. 2019ರ ಮಟ್ಟಕ್ಕಿಂತ 2023ರಲ್ಲಿ ನೂರಕ್ಕೆ 5, 2024ರಲ್ಲಿ 7, 2025ರಲ್ಲಿ 9, 2026ರಲ್ಲಿ 11 ಕಡಿಮೆ ಇರಬೇಕು. ಒಂದು ವರ್ಷ ‘ಇ’ ಬಂದರೆ, ಅಥವಾ ಮೂರು ವರ್ಷ ಸಾಲಾಗಿ ‘ಡಿ’ ಬಂದರೆ, ತಿದ್ದಿಕೊಳ್ಳುವ ಯೋಜನೆಯನ್ನು ಬರೆದುಕೊಡಬೇಕು. ಬರೆದುಕೊಟ್ಟರಾಯಿತು, ದಂಡವಿಲ್ಲ, ಹಡಗನ್ನು ಕಟ್ಟಿಹಾಕುವುದೂ ಇಲ್ಲ. ಮೂವತ್ತು ವರ್ಷದ ಮೇಷ್ಟರಿಕೆಯ ಬಲದಿಂದ ಹೇಳುತ್ತೇನೆ, ಇಂಥ ಪರೀಕ್ಷೆಗೆ ಹುಡುಗರು ಹೇಗೆ ಓದುತ್ತಾರೆಂಬುದು ನನಗೆ ಗೊತ್ತು.

ದರ್ಜೆ ಕಟ್ಟುವ ಸೂತ್ರವೂ ಸ್ವಲ್ಪ ಸೊಟ್ಟಗಿದೆ. ಬಿಟ್ಟ ಹೊಗೆಯನ್ನು, ಹಡಗು ಹೊರಬಲ್ಲ ತೂಕ ಮತ್ತು ನಡೆದ ದೂರಗಳ ಗುಣಲಬ್ಧದಿಂದ ಭಾಗಿಸುತ್ತಾರೆ. ಹೊರಬಲ್ಲ ತೂಕವೇ ಹೊರತು ಹೊತ್ತ ತೂಕವಲ್ಲ. ಬರಿದಾದ ಹಡಗು ಹಗುರಾಗಿ ತೇಲುತ್ತ ದೂರ ಹೋದರೆ ಒಳ್ಳೆಯ ದರ್ಜೆ. ತುಂಬಿದ ಹಡಗು ಬಂದರಿನ ಹೊರಗೆ ಸರತಿಗಾಗಿ ಕಾದು ನಿಂತರೆ, ದೂರ ಸೊನ್ನೆಯಾಗಿ ಎಣ್ಣೆ ಮಾತ್ರ ಉರಿದು, ದರ್ಜೆ ಕೆಡುತ್ತದೆ. ಹಡಗಿನವರ ಈ ದೂರು ನ್ಯಾಯವಾದದ್ದೇ.

ಇಷ್ಟು ತಿಳಿದ ಮೇಲೆ ವರದಿಯನ್ನು ಕೈಗೆತ್ತಿಕೊಳ್ಳಿ. ಮೊದಲು ವಿಶೇಷಣಗಳ ಮೇಲೆ ಗೀಟು ಹಾಕಿ. ‘ಹಸಿರು’, ‘ಜವಾಬ್ದಾರಿಯುತ’, ‘ಮಹತ್ವಾಕಾಂಕ್ಷೆಯ’ ಇವು ಹೋದ ಮೇಲೆ ಉಳಿದ ಕ್ರಿಯಾಪದಗಳನ್ನು ನೋಡಿ. ‘ಇಳಿಸಿದೆವು’ ಎಂದರೆ ಭೂತಕಾಲ. ಚೀಟಿ ತೋರಿಸು ಎನ್ನಬಹುದು. ‘ಇಳಿಸುವೆವು’ ಎಂದರೆ ಭವಿಷ್ಯತ್ತು. ಯಾವ ವರ್ಷದೊಳಗೆ ಎನ್ನಬಹುದು. ನಮ್ಮ ಭಾಷೆಯಲ್ಲಿ ಮೂರನೆಯದೊಂದಿದೆ, ಸಂಭಾವನಾರ್ಥ: ‘ಇಳಿಸಿಯೇವು’. ಇಂಗ್ಲಿಷ್ ವರದಿಗಳಲ್ಲಿ ಈ ಮೂರನೆಯದು ಎರಡನೆಯದರ ವೇಷ ಹಾಕಿಕೊಂಡು ಬರುತ್ತದೆ. ಕನ್ನಡಕ್ಕೆ ತಿರುಗಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ. ಐ.ಎಂ.ಓ. ತಾನೇ 2023ರ ಜುಲೈಯಲ್ಲಿ ಒಪ್ಪಿದ ಗುರಿ ಹೇಗಿದೆ, ಕೇಳಿ: 2008ಕ್ಕೆ ಹೋಲಿಸಿ 2030ಕ್ಕೆ ನೂರಕ್ಕೆ ಕನಿಷ್ಠ 20 ಇಳಿಕೆ, 30ಕ್ಕಾಗಿ ಶ್ರಮಿಸುವುದು, 2040ಕ್ಕೆ ಕನಿಷ್ಠ 70, 80ಕ್ಕಾಗಿ ಶ್ರಮಿಸುವುದು, 2050ರ ಹೊತ್ತಿಗೆ ಅಥವಾ ಅದರ ಆಸುಪಾಸಿನಲ್ಲಿ ನಿವ್ವಳ ಶೂನ್ಯ. ‘ಶ್ರಮಿಸುವುದು’, ‘ಆಸುಪಾಸು’ ಎಂಬ ಎರಡು ಶಬ್ದಗಳ ಮೇಲೆ ಎಷ್ಟು ದೇಶಗಳು ಎಷ್ಟು ರಾತ್ರಿ ವಾದಿಸಿರಬೇಕೆಂದು ಊಹಿಸಿಕೊಳ್ಳಿ.

ಮುಂದೆ ಕೇಳಬೇಕಾದದ್ದು ಒಟ್ಟು ಮೊತ್ತ ಇಳಿಯಿತೆ, ಸರಾಸರಿ ಇಳಿಯಿತೆ ಎಂಬುದು. ಒಂದು ಟನ್ ಸರಕಿಗೆ ಒಂದು ಮೈಲಿಗೆ ಇಷ್ಟು ಇಳಿಯಿತೆಂದು ಕಂಪನಿ ಹೆಮ್ಮೆಪಡಬಹುದು. ಅದೇ ವರ್ಷ ಅದರ ಸರಕೂ ಮೈಲಿಯೂ ಏರಿ ಒಟ್ಟು ಹೊಗೆ ಹೆಚ್ಚಿರಬಹುದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಮೊದಲಾಗಿ, 2024ರಲ್ಲಿ ಬಹುಮಂದಿ ಸುಯೆಜ್ ಕಾಲುವೆ ಬಿಟ್ಟು ಆಫ್ರಿಕದ ಕೊನೆಯನ್ನು ಸುತ್ತಿದರು. ಎಣ್ಣೆ ಹೆಚ್ಚು ಉರಿಯಿತು. ಆದರೆ ಮೈಲಿಯಿಂದ ಭಾಗಿಸಿದ ಅಂಕಿಯಲ್ಲಿ, ಮೈಲಿಯೂ ಹೆಚ್ಚಿದ್ದರಿಂದ, ಅದು ಕಾಣಿಸುವುದಿಲ್ಲ. ವಾತಾವರಣಕ್ಕೆ ಭಾಗಾಕಾರ ಬಾರದು. ಅದಕ್ಕೆ ತಿಳಿದಿರುವುದು ಸಂಕಲನ ಮಾತ್ರ.

ಹಾಗೆಯೇ ಯಾರ ಹಡಗು ಎಂದೂ ಕೇಳಿ. ಕಂಪನಿಗೆ ಸ್ವಂತ ಹಡಗುಗಳುಂಟು, ಬಾಡಿಗೆಗೆ ಹಿಡಿದವುಂಟು. ಹಳೆಯ ಹಡಗನ್ನು ಮಾರಿಬಿಟ್ಟರೆ ಈ ಕಂಪನಿಯ ಲೆಕ್ಕದಿಂದ ಹೊಗೆ ಹೋಗುತ್ತದೆ. ಕೊಂಡವನ ಕೈಯಲ್ಲಿ ಅದೇ ಚಿಮಣಿ ಅದೇ ಹೊಗೆ ಬಿಡುತ್ತಿರುತ್ತದೆ.

ಸರಕು ಕಳುಹಿಸುವವರಿಗೆ ಹೆಚ್ಚು ಹಣ ತೆಗೆದುಕೊಂಡು ‘ನಿಮ್ಮ ಪೆಟ್ಟಿಗೆ ಹಸಿರು ಇಂಧನದಲ್ಲಿ ಹೋಯಿತು’ ಎಂಬ ಪ್ರಮಾಣಪತ್ರ ಕೊಡುವುದೂ ನಡೆದಿದೆ. ಪೆಟ್ಟಿಗೆ ಹೋದ ಹಡಗು ಎಣ್ಣೆಯಲ್ಲಿಯೇ ಹೋಗಿರಬಹುದು. ಅಷ್ಟು ಹಸಿರು ಇಂಧನ ಬೇರೊಂದು ಹಡಗಿನಲ್ಲಿ ಉರಿದಿರುತ್ತದೆ. ಮನಿ ಆರ್ಡರ್ ಕಾಲದಲ್ಲಿ ನಾವು ಇಲ್ಲಿ ಕಟ್ಟಿದ ನೋಟೇ ಧಾರವಾಡದಲ್ಲಿ ಮಗನ ಕೈಗೆ ಹೋಗುತ್ತಿತ್ತೆ? ಮೊಬಲಗು ಹೋಗುತ್ತಿತ್ತು. ಇದೂ ಹಾಗೆಯೇ, ಮೋಸವಲ್ಲ. ಆದರೆ ಅಂಚೆ ಕಚೇರಿ ಒಂದೇ ಹಣವನ್ನು ಇಬ್ಬರಿಗೆ ಲೆಕ್ಕ ಹಾಕುತ್ತಿರಲಿಲ್ಲ. ಇಲ್ಲಿ ಆ ಕಾವಲು ಎಷ್ಟು ಬಿಗಿಯಾಗಿದೆ ಎಂಬುದನ್ನು ಪತ್ರ ಕೊಂಡವನು ವಿಚಾರಿಸಬೇಕು.

ಒಳ್ಳೆಯ ಮಾತಿಗಿಂತ ಬಿಲ್ಲು ಬೇಗ ಕೆಲಸ ಮಾಡುತ್ತದೆ. ಯುರೋಪಿನವರು 2024ರಿಂದ ಹಡಗಿನ ಹೊಗೆಗೆ ಬೆಲೆ ಕಟ್ಟಿದ್ದಾರೆ. 2024ರ ಹೊಗೆಯಲ್ಲಿ ನೂರಕ್ಕೆ 40ಕ್ಕೆ, 2025ರದರಲ್ಲಿ 70ಕ್ಕೆ, 2026ರಿಂದ ಪೂರ್ತಿ 100ಕ್ಕೆ ಪರವಾನಗಿ ಕೊಂಡು ಒಪ್ಪಿಸಬೇಕು. ಹೊರಗಿನಿಂದ ಬಂದ ಯಾನವಾದರೆ ಅರ್ಧ ಹೊಗೆಗೆ. ಕಂಪನಿಗಳು ಅದನ್ನು ಸರಕಿನವರ ಬಿಲ್ಲಿಗೆ ಸೇರಿಸುತ್ತವೆ. ಇಟಲಿಗೆ ಹೋಗುವ ನಮ್ಮ ಕಾಫಿಯ ಪೆಟ್ಟಿಗೆಯೂ ಇದರಿಂದ ಹೊರತಲ್ಲ. ಲೋಕಕ್ಕೆಲ್ಲ ಒಂದೇ ಬೆಲೆ ಕಟ್ಟುವ ಕರಡು 2025ರ ಏಪ್ರಿಲಿನಲ್ಲಿ ಐ.ಎಂ.ಓ. ಸಮಿತಿಯ ಮತಕ್ಕೆ ಬಂದಾಗ 63 ದೇಶಗಳು ಪರ, 16 ವಿರೋಧ; ಭಾರತ ಪರವಾಗಿತ್ತು. ಅಕ್ಟೋಬರಿನಲ್ಲಿ ಅದನ್ನು ವಿಧಿಯಾಗಿ ಅಂಗೀಕರಿಸಬೇಕಾಗಿದ್ದ ಸಭೆ, ಅಮೆರಿಕದ ಕಟು ವಿರೋಧದ ನಡುವೆ, 57ಕ್ಕೆ 49 ಮತಗಳಿಂದ ವಿಷಯವನ್ನು ಒಂದು ವರ್ಷ ಮುಂದಕ್ಕೆ ಹಾಕಿತು.

ಈ ಒಂದು ವರ್ಷ ಯಾರಿಗೆ ಎಷ್ಟು ಎಂಬುದು ನಿಂತ ನೆಲದ ಮೇಲೆ ಹೋಗುತ್ತದೆ. ಶಾಂತಸಾಗರದ ಮಾರ್ಷಲ್ ದ್ವೀಪಗಳ ನೆಲ ಸಮುದ್ರಮಟ್ಟಕ್ಕಿಂತ ಸರಾಸರಿ ಎರಡು ಮೀಟರ್ ಎತ್ತರ. ಲೋಕದ ಹಡಗುಗಳಲ್ಲಿ ಅತಿ ಹೆಚ್ಚು ಪಾಲು ಬಾವುಟ ಹಾರಿಸುವ ಮೂರು ದೇಶಗಳಲ್ಲಿ ಅದೂ ಒಂದು. ತನ್ನ ಬಾವುಟ ಹೊತ್ತ ಹಡಗುಗಳ ಹೊಗೆಯಿಂದಲೂ ತನ್ನ ಅಂಗಳಕ್ಕೆ ನೀರು ಬರುವುದೆಂದು ತಿಳಿದು, ಹೊಗೆಗೆ ಇನ್ನೂ ಹೆಚ್ಚಿನ ಸುಂಕ ಹಾಕಿರೆಂದು ಅದು ವರ್ಷಗಳಿಂದ ಕೇಳುತ್ತ ಬಂದಿದೆ. ನಮ್ಮ ಪಡುಗಡಲ ಲಕ್ಷದ್ವೀಪವೂ ಇಷ್ಟೇ ತಗ್ಗಿನ ಹವಳದ ನೆಲ. ಮಂಗಳೂರಿನ ಹಳೆಯ ಬಂದರಿನಿಂದ ಮಂಜಿಗಳು ಅಲ್ಲಿಗೆ ಸರಕು ಒಯ್ಯುತ್ತವೆ.

ನಿಮ್ಮ ಬಂಧುಗಳಲ್ಲಿ ಯಾರಾದರೂ ಕಾಫಿ ರಫ್ತಿನವರೊ, ಹಡಗಿನ ಕೆಲಸದವರೊ ಇದ್ದರೆ, ಸರಕಿನ ರಶೀದಿಯಲ್ಲಿ ಹಡಗಿನ ಹೆಸರನ್ನು ನೋಡಿಕೊಂಡು ಯುರೋಪಿನ ಬಹಿರಂಗ ಪಟ್ಟಿಯಲ್ಲಿ ಅದರ ವರ್ಷದ ಹೊಗೆಯನ್ನು ತೆರೆದು ತೋರಿಸುವಂತೆ ಕೇಳಿ. ಕಂಪನಿಯ ವರದಿಯೊಡನೆ ತಾಳೆ ಹಾಕಬಹುದು. ಹೆಸರಿಗಿಂತ ಏಳು ಅಂಕಿಗಳ ಐ.ಎಂ.ಓ. ಸಂಖ್ಯೆಯನ್ನು ಗುರುತಿಟ್ಟುಕೊಳ್ಳುವುದು ಮೇಲು. ಮಾರಾಟವಾದಾಗ ಹಡಗಿನ ಹೆಸರೂ ಬಾವುಟವೂ ಬದಲಾಗುತ್ತವೆ; ಆ ಸಂಖ್ಯೆ ಮಾತ್ರ ಹಡಗನ್ನು ಒಡೆಯುವ ದಿನದವರೆಗೂ ಅದೇ ಇರುತ್ತದೆ.